ಬಲಗಡೆಯ ಕುರ್ಚಿ ಯಾರದು?

ಹಾರುವುದನ್ನು ಕಲಿಸುವ ಸಣ್ಣ ವಿಮಾನದಲ್ಲಿ ಮುಂದೆ ಎರಡೇ ಕುರ್ಚಿ. ಎಡಗಡೆ ಕಲಿಯುವವನು ಕೂಡುತ್ತಾನೆ, ಬಲಗಡೆ ಕಲಿಸುವವನು. ಇಬ್ಬರ ಮುಂದೂ ಒಂದೊಂದು ಹಿಡಿಕೆ, ಇಬ್ಬರ ಕಾಲಿಗೂ ಒಂದೊಂದು ಜೊತೆ ಪೆಡಲು. ಎಡಗಡೆಯವನ ಕೈ ತಪ್ಪಿದರೆ ಬಲಗಡೆಯವನು ಹಿಡಿಯುತ್ತಾನೆ. ಎಡಗಡೆಯವನು ಹಾರಲು ಲಾಯಕ್ಕೋ ನಾಲಾಯಕ್ಕೋ ಎಂದು ಹೇಳುವವನೂ ಬಲಗಡೆಯವನೇ. (ಎಡ-ಬಲ ಅಂದಕೂಡಲೇ ನಮ್ಮ ಸಂಘಟನೆಯೊಳಗೆ ಕೆಲವರ ಕಿವಿ ನೆಟ್ಟಗಾಗುತ್ತವೆ. ಇದು ಆ ಎಡ-ಬಲ ಅಲ್ಲರಿ. ಆ ಜಗಳ ಇನ್ನೊಂದು ಸಂಚಿಕೆಗಿರಲಿ.)

ನನ್ನ ತಕರಾರು ಆ ಬಲಗಡೆಯ ಕುರ್ಚಿಯದು. ಎಡಗಡೆಯ ಕುರ್ಚಿಯಲ್ಲಿ ನಮ್ಮವನೊಬ್ಬ ಎಂದಾದರೂ ಕೂತರೆ ಪೇಪರಿನವರು ಫೋಟೋ ಹಾಕುತ್ತಾರೆ, ಎಮ್ಮೆಲ್ಲೆ ಶಾಲು ಹೊದಿಸುತ್ತಾನೆ, ಕೇರಿಯಲ್ಲಿ ಹಲಗೆ ಬಡಿಯುತ್ತಾರೆ. ಅಲ್ಲಿಗೆ ಸಾಮಾಜಿಕ ನ್ಯಾಯ ಮುಗಿಯಿತು. ಬಲಗಡೆ ಯಾರು ಕೂತಿದ್ದಾರೆ, ಯಾವ ಕಾಲದಿಂದ ಕೂತಿದ್ದಾರೆ ಎಂದು ಕೇಳುವವರಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಹೊಲದಲ್ಲಿ ನಿಂತವನಿಗೆ ವಿಮಾನ ದೂರದ ಮಾತು ಎನ್ನುವವರಿಗೆ ಮೊದಲು ಒಂದಷ್ಟು ಲೆಕ್ಕ ಒಪ್ಪಿಸುತ್ತೇನೆ. ಸಾಂಬ್ರಾದ ಓಡುದಾರಿ ನಮ್ಮ ಜಿಲ್ಲೆಯದೇ. 1942ರಲ್ಲಿ ಬ್ರಿಟಿಷರ ವಾಯುಪಡೆ ಅದನ್ನು ಹಾಕಿತು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ಓಡುದಾರಿ ಉಳಿಯಿತು. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ, ಅಂದರೆ ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ ಮತ್ತು ಅಸ್ಸಾಮಿನ ಲೀಲಾಬರಿಯಲ್ಲಿ, ಹಾರಾಟದ ಶಾಲೆ ತೆರೆಯಲು ಖಾಸಗಿಯವರಿಗೆ ಜಾಗ ಹಂಚಿತು. ಒಟ್ಟು ಒಂಬತ್ತು ಶಾಲೆ. ಬೆಳಗಾವಿಯ ಪಾಲಿಗೆ ಎರಡು. ಶಾಲೆಯವರು ನಿಲ್ದಾಣಕ್ಕೆ ಕೊಡಬೇಕಿದ್ದ ರಾಯಲ್ಟಿಯನ್ನೇ ಸರ್ಕಾರ ತೆಗೆದುಹಾಕಿತು. ಯಾಕೆ? ನಮ್ಮ ಹುಡುಗರು ಕಲಿಯಲು ಪರದೇಶಕ್ಕೆ ಹೋಗಿ ರೊಕ್ಕ ಸುರಿಯುವುದು ತಪ್ಪಲಿ ಎಂದು.

ಯಾವ ಹುಡುಗರು? ಸುತ್ತಲಿನ ರೈತರ ಜಮೀನು ನುಂಗಿದ ನೆಲ, ಸರ್ಕಾರದ ಓಡುದಾರಿ, ಸರ್ಕಾರ ಬಿಟ್ಟುಕೊಟ್ಟ ರಾಯಲ್ಟಿ. ಇಷ್ಟೆಲ್ಲ ಸಾರ್ವಜನಿಕರದು, ಸೀಟು ಮಾತ್ರ ಫೀ ಕಟ್ಟಿದವನದು. ಖಾಸಗಿ ಶಾಲೆಯಲ್ಲಿ ಮೀಸಲಾತಿ ಹೇಗೆ ಕೇಳ್ತೀರಿ ಎಂದು ಮೂಗು ಮುರಿಯುವವರಿಗೆ ಸಂವಿಧಾನದ 93ನೇ ತಿದ್ದುಪಡಿ ಓದಲು ಹೇಳಿ. ಖಾಸಗಿ ವಿದ್ಯಾಸಂಸ್ಥೆಗಳಲ್ಲೂ ನಮ್ಮ ಮಕ್ಕಳಿಗೆ ಜಾಗ ಕಾದಿಡುವ ಕಾನೂನು ಮಾಡುವ ಅಧಿಕಾರ ಅದರಿಂದ ಸರ್ಕಾರಕ್ಕೆ ಬಂದಿದೆ. ಸುಪ್ರೀಂ ಕೋರ್ಟು 2014ರಲ್ಲಿ ಅದನ್ನು ಎತ್ತಿ ಹಿಡಿದಿದೆ. ಅಧಿಕಾರ ಇದೆ, ಮನಸ್ಸಿಲ್ಲ.

ಇನ್ನು ರೊಕ್ಕದ ಲೆಕ್ಕ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸನ್ಸು ಬೇಕಾದರೆ 200 ತಾಸು ಹಾರಿರಬೇಕು. ಒಂದು ತಾಸಿಗೆ ಹದಿನೈದು ಸಾವಿರ ಹಿಡಿಯಿರಿ, ಮೂವತ್ತು ಲಕ್ಷವಾಯಿತು. ಊಟ, ವಸತಿ, ಪರೀಕ್ಷೆ, ಡಾಕ್ಟರ ಸರ್ಟಿಫಿಕೇಟು ಕೂಡಿದರೆ ನಲವತ್ತು ಲಕ್ಷ. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಒಂದು ತಾಸು ಹಾರಲು ನಲವತ್ತು ದಿನ ಮಣ್ಣು ಹೊರಬೇಕು. ಲೈಸನ್ಸು ಕೈಗೆ ಬರಬೇಕಾದರೆ, ವರ್ಷಕ್ಕೆ ನೂರು ದಿನದಂತೆ, ಒಂದು ತುತ್ತೂ ಉಣ್ಣದೆ, ನೂರಾ ಎಂಟು ವರ್ಷ ದುಡಿಯಬೇಕು. ಜಪಮಾಲೆಯ ಮಣಿಗಳೂ ಅಷ್ಟೇ. ಇದು ಕಾಕತಾಳೀಯ.

ಬ್ಯಾಂಕಿನ ಸಾಲ ಇದೆಯಲ್ಲ ಎನ್ನುತ್ತಾರೆ. ಇದೆ. ಬ್ಯಾಂಕುಗಳ ಸಂಘ ಮಾಡಿಟ್ಟ ಮಾದರಿ ಶಿಕ್ಷಣ ಸಾಲದಲ್ಲಿ ಪೈಲಟ್ ತರಬೇತಿಯ ಹೆಸರೂ ಇದೆ. ಆದರೆ ಏಳೂವರೆ ಲಕ್ಷ ದಾಟಿದರೆ ಹೊಲವನ್ನೋ ಮನೆಯನ್ನೋ ಒತ್ತೆ ಇಡಬೇಕು. ಮುಕಾದಮನಿಂದ ಮುಂಗಡ ತಗೊಂಡು ಗಂಡ-ಹೆಂಡತಿ ಕೋಯ್ತಾ ಹಿಡಿದು ಸಂಕೇಶ್ವರದ ಕಡೆಗೋ ಗೋಕಾಕದ ಕಡೆಗೋ ಕಬ್ಬು ಕಡಿಯಲು ಹೋಗುವವರ ಹತ್ತಿರ ಒತ್ತೆ ಇಡಲು ಏನಿದೆ? ಅವರೇ ಒತ್ತೆ ಬಿದ್ದಿದ್ದಾರೆ.

ಇಲ್ಲಿ ನಮ್ಮ ಗೆಳೆಯರೇ ನನ್ನ ಮೇಲೆ ಮುಗಿಬೀಳುತ್ತಾರೆ ಎಂದು ಗೊತ್ತು. ಹೋದ ತಿಂಗಳು ಗೋಕಾಕದಲ್ಲಿ ಚಹಾ ಕುಡಿಯುವಾಗ ಹಿರಿಯ ಕಾರ್ಯಕರ್ತರೊಬ್ಬರು ಅಂದೇಬಿಟ್ಟರು: "ಏನೋ ತಮ್ಮಾ, ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ ಕೇಳಾಕತ್ತಿ. ಸ್ಮಶಾನಕ್ಕ ಜಾಗಾ ಇಲ್ಲ ನಮ್ಮವರಿಗೆ, ನಿನಗ ವಿಮಾನ ಬೇಕಾಗೇತಿ." ನಾನು ಅವರಿಗೆ ಹೇಳಿದೆ: "ಕಾಕಾ, ಜುಟ್ಟು ನಮ್ಮದಲ್ಲ, ಹೂವನ್ನೂ ನಾವು ಕೇಳಿಲ್ಲ. ನಾವು ಕೇಳೂದು ಕಲಿಸೋ ಅಧಿಕಾರ."

ಕಾಕಾನ ಮಾತಿನಲ್ಲಿ ಸತ್ಯವಿದೆ, ಅಪಾಯವೂ ಇದೆ. ನಮಗೆ ಹಿಟ್ಟು ಮಾತ್ರ ಸಾಕು ಎಂದು ಮೇಲಿನವರು ಯಾವತ್ತೂ ಹೇಳುತ್ತ ಬಂದವರೇ. ನಾವು ನಾವಾಗಿಯೇ ಹಿಟ್ಟಿನಲ್ಲಿ ನಿಂತುಬಿಟ್ಟರೆ ಅವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1880ರ ದಶಕದ್ದು. ಘಟಪ್ರಭೆಯ ನೀರಿನ ಬಲದಿಂದ ಯಂತ್ರ ತಿರುಗಿಸಿದ ಗಿರಣಿ ಅದು. ಇಂಥ ಗಿರಣಿಗಳು ಬಂದಾಗ ನಮಗೆ ಕೂಲಿ ಸಿಕ್ಕಿತು, ಖರೆ. ಯಂತ್ರದ ವಿದ್ಯೆ ಯಾರ ಮನೆ ಸೇರಿತು? ಹಿಡಕಲ್ ಆಣೆಕಟ್ಟು ಕಟ್ಟುವಾಗ ಕಲ್ಲು ಹೊತ್ತವರು ಯಾರು, ನಕಾಶೆ ಬರೆದವರು ಯಾರು? ಹೊಸ ವಿದ್ಯೆ ಬಂದಾಗಲೆಲ್ಲ ನಾವು ಬಾಗಿಲಲ್ಲಿ ಕೂಲಿ ಎಣಿಸುತ್ತ ನಿಲ್ಲುವುದು, ಒಳಗೆ ಅವರು ಹಂಚಿಕೊಳ್ಳುವುದು. ಆಕಾಶದ ವಿದ್ಯೆಯಲ್ಲೂ ಹೀಗೇ ಆಗಬೇಕೆ?

ನಮ್ಮ ಸೀಮೆಯಿಂದ ಆ ವಿದ್ಯೆಗೆ ಯಾರೂ ಹೋಗಿಲ್ಲ ಎಂದಲ್ಲ. ಹುಕ್ಕೇರಿ ತಾಲೂಕಿನ ಗಡಿ ದಾಟಿದರೆ ಸಿಗುವ ಗಡಹಿಂಗ್ಲಜ ಸೀಮೆಯಲ್ಲಿ ಹುಟ್ಟಿದ ವಿ. ಎಂ. ಘಾಟಗೆ ಜರ್ಮನಿಯ ಗಟಿಂಗೆನ್ನಿಗೆ ಹೋಗಿ ಪ್ರಾಂಡ್ಟ್ಲ್ ಎಂಬ ಮಹಾ ವಿಜ್ಞಾನಿಯ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅವರ ನೇತೃತ್ವದಲ್ಲಿ ತಯಾರಾದ ಎಚ್‌ಟಿ-2 ವಿಮಾನ 1951ರಲ್ಲಿ ಹಾರಿತು. ಅದು ಯುದ್ಧದ ವಿಮಾನವಲ್ಲ, ಪ್ರಯಾಣಿಕರದೂ ಅಲ್ಲ. ಕಲಿಸುವ ವಿಮಾನ! ಸ್ವತಂತ್ರ ದೇಶ ಮೊದಲು ಮಾಡಿಕೊಂಡದ್ದು ಕಲಿಸುವ ವಿಮಾನವನ್ನು. ಒಬ್ಬ ಹೊರಗೆ ಹೋಗಿ ಕಲಿತು ಬಂದು ಕಲಿಸುವ ಸಾಧನ ಕಟ್ಟಿದರೆ ಎಷ್ಟು ಜನ ಹಾರುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಗಟಿಂಗೆನ್ನಿನ ದಾರಿ ನಮ್ಮ ಕೇರಿಯ ಅಜ್ಜನಿಗೆ ಆಗ ತೆರೆದಿರಲಿಲ್ಲ. ಮೊಮ್ಮಗನಿಗೆ ಈಗಲೂ ತೆರೆದಿಲ್ಲ ಎಂಬುದು ನನ್ನ ಸಿಟ್ಟು.

ತೆರೆದಿದೆ ಎಂದು ಸರ್ಕಾರ ಹೇಳುತ್ತದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಅದು ಸ್ನಾತಕೋತ್ತರಕ್ಕೆ, ಪಿಎಚ್‌ಡಿಗೆ ಮಾತ್ರ. (ಅದರಲ್ಲೂ 2022ರಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜದ ಬಗ್ಗೆ ಹೊರಗೆ ಓದುವಂತಿಲ್ಲ ಎಂದು ಷರತ್ತು ಹಾಕಿದರು. ನಮ್ಮ ಚರಿತ್ರೆ ನಾವು ಹೊರಗೆ ನಿಂತು ಓದಿದರೆ ಯಾರಿಗೆ ನಡುಕ ಎಂದು ಬಿಡಿಸಿ ಹೇಳಬೇಕಿಲ್ಲ.) ಕರ್ನಾಟಕದ 'ಪ್ರಬುದ್ಧ' ಯೋಜನೆ ಇದೆ. ಒಳ್ಳೆಯ ಯೋಜನೆಯೇ. ಅದೂ ವಿದೇಶಿ ವಿಶ್ವವಿದ್ಯಾಲಯದ ಪದವಿಗೆ. ಆದರೆ ಹಾರಾಟದ ಶಾಲೆ ಕೊಡುವುದು ಪದವಿಯಲ್ಲ, ಲೈಸನ್ಸು. ಹಾರುವುದನ್ನು ಕಲಿಸುವ ಅರ್ಹತೆಯೂ ಲೈಸನ್ಸಿನ ಮೇಲೆ ಒತ್ತುವ ಇನ್ನೊಂದು ಮೊಹರು, ಅಷ್ಟೆ. ಹೆಸರಿನ ಮುಂದೆ ಬರೆದುಕೊಳ್ಳುವ ಅಕ್ಷರ ಅದರಲ್ಲಿಲ್ಲ. ಕೈಯಿಂದ ಕಲಿಯುವ ವಿದ್ಯೆಗೆ ಈ ದೇಶದಲ್ಲಿ ಯಾವತ್ತೂ ವಿದ್ಯೆಯ ಪಟ್ಟ ಸಿಕ್ಕಿಲ್ಲ. ಸಮಗಾರನ ಕೈಗೆ ಸಿಗಲಿಲ್ಲ, ಕುಂಬಾರನ ಕೈಗೆ ಸಿಗಲಿಲ್ಲ, ಪೈಲಟ್‌ನ ಕೈಗೂ ಕಡತದಲ್ಲಿ ಸಿಗಲಿಲ್ಲ ನೋಡಿ! ಉಳ್ಳವರ ಮಗನಿಗೆ ಇದರಿಂದ ತೊಂದರೆಯಿಲ್ಲ, ಅವನಿಗೆ ಅಪ್ಪನೇ ವಿದ್ಯಾರ್ಥಿವೇತನ. ಕೆಳಗೆ ಬೀಳುವವನು ನಮ್ಮವನು.

ದೇಶದೊಳಗಿನ ತರಬೇತಿಗೆ ಇರುವ ನೆರವನ್ನೂ ನೋಡಿ. ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ದರ್ಜೆ ಶಿಕ್ಷಣ ಯೋಜನೆಯ ನಿಯಮದಲ್ಲಿ ಖಾಸಗಿ ಹಾರಾಟ ಕ್ಲಬ್ಬಿನ ಪೈಲಟ್ ತರಬೇತಿಗೆ ವರ್ಷಕ್ಕೆ 3.72 ಲಕ್ಷ ಎಂದು ಮಿತಿ ಬರೆದರು. ನಲವತ್ತು ಲಕ್ಷದ ಬಾವಿಗೆ ನಾಲ್ಕು ಮೊಳದ ಹಗ್ಗ. ಬೆಂಗಳೂರಿನ ಜಕ್ಕೂರಿನಲ್ಲಿ 1948ರಿಂದ ಸರ್ಕಾರದ್ದೇ ಹಾರಾಟ ಶಾಲೆ ಇದೆ. ಬಡವರಿಗೆ ಅದೊಂದೇ ಆಸರೆ ಆಗಬೇಕಿತ್ತು. ವಿಮಾನ ಇದ್ದರೆ ಕಲಿಸುವವರಿಲ್ಲ, ಕಲಿಸುವವರು ಬಂದರೆ ಓಡುದಾರಿ ಇಲ್ಲ ಎಂದು ವರ್ಷಗಟ್ಟಲೆ ಹಾರಾಟ ನಿಂತದ್ದೂ ಉಂಟು. ಸರ್ಕಾರಿ ಸಾಲಿಯ ಕತೆ ನೆಲದ ಮೇಲೂ ಅದೇ, ಆಕಾಶದಲ್ಲೂ ಅದೇ.

ಈಗ ನಿಮಗೆ ಒಬ್ಬ ಹೆಣ್ಣುಮಗಳ ಕತೆ ಹೇಳಬೇಕು. ನಮ್ಮ ಸಂಘಟನೆಗಳ ಗೋಡೆಯ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಇದ್ದಾರೆ. ಈಕೆಯೂ ಇರಬೇಕಿತ್ತು. ಹೆಸರು ಬೆಸ್ಸಿ ಕೋಲ್ಮನ್. ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿದ ಕಪ್ಪು ಹುಡುಗಿ, ಸಣ್ಣಂದಿನಿಂದ ಹತ್ತಿ ಬಿಡಿಸಿದವಳು. ಆಮೇಲೆ ಶಿಕಾಗೋಕ್ಕೆ ಹೋಗಿ ಕ್ಷೌರದ ಅಂಗಡಿಯಲ್ಲಿ ಗಿರಾಕಿಗಳ ಉಗುರು ತಿದ್ದುವ ಕೆಲಸ ಮಾಡಿದಳು. ಹಾರುವುದನ್ನು ಕಲಿಯುತ್ತೇನೆ ಎಂದಾಗ ಅಮೆರಿಕದ ಹಾರಾಟ ಶಾಲೆಗಳು ಬಾಗಿಲು ಹಾಕಿದವು. ಒಂದು, ಕಪ್ಪು. ಎರಡು, ಹೆಣ್ಣು. 'ಶಿಕಾಗೋ ಡಿಫೆಂಡರ್' ಎಂಬ ಕಪ್ಪು ಜನರ ಪತ್ರಿಕೆಯ ಸಂಪಾದಕ ರಾಬರ್ಟ್ ಆಬಟ್, ಫ್ರಾನ್ಸಿಗೆ ಹೋಗಿ ಕಲಿ ಎಂದ. ನಮ್ಮಂಥ ಪತ್ರಿಕೆಯೊಂದು ಒಬ್ಬ ಹುಡುಗಿಯನ್ನು ಆಕಾಶಕ್ಕೆ ಏರಿಸಿತು ಎಂಬುದನ್ನು ಈ ಪುಟ ಓದುವವರು ಗಮನಿಸಬೇಕು. ಆಕೆ ಫ್ರೆಂಚ್ ಭಾಷೆ ಕಲಿತಳು, ಹಡಗು ಹತ್ತಿದಳು, 1921ರ ಜೂನ್ 15ರಂದು ಲೈಸನ್ಸು ಪಡೆದಳು. ಸ್ವಂತ ದೇಶ ಮುಟ್ಟಿಸಿಕೊಳ್ಳದ ಕೈಯನ್ನು ಪರದೇಶ ಹಿಡಿಯಿತು.

ನನಗೆ ಮುಖ್ಯವಾದದ್ದು ಅದರ ಮುಂದಿನದು. ಬೆಸ್ಸಿಗೆ ತಾನೊಬ್ಬಳು ಹಾರಿದರೆ ಸಾಕಾಗಲಿಲ್ಲ. ಕಪ್ಪು ಜನರಿಗಾಗಿ ಹಾರಾಟದ ಶಾಲೆ ತೆರೆಯುವುದು ಅವಳ ಹಟ. ಅದಕ್ಕಾಗಿ ರೊಕ್ಕ ಕೂಡಿಸಲು ಊರೂರಿನಲ್ಲಿ ಹಾರಾಟದ ಪ್ರದರ್ಶನ ಕೊಟ್ಟಳು. 1926ರ ಏಪ್ರಿಲ್ 30ರಂದು ಫ್ಲಾರಿಡಾದಲ್ಲಿ ವಿಮಾನದಿಂದ ಬಿದ್ದು ಸತ್ತಳು. ಶಾಲೆ ನೋಡಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಲಾಸ್ ಏಂಜಲೀಸಿನಲ್ಲಿ ವಿಲಿಯಂ ಪವೆಲ್ ಎಂಬಾತ ಅವಳ ಹೆಸರಿನಲ್ಲೇ ಹಾರಾಟದ ಸಂಘ ಕಟ್ಟಿದ. ಶಿಕಾಗೋದಲ್ಲಿ ವಿಲಾ ಬ್ರೌನ್ ಎಂಬ ಕಪ್ಪು ಹೆಣ್ಣುಮಗಳು ಕಲಿಸುವ ಕುರ್ಚಿಯಲ್ಲೇ ಕೂತಳು. ಟಸ್ಕೀಗಿಯಲ್ಲಿ ಕಪ್ಪು ಪೈಲಟ್‌ಗಳ ಪಡೆ ಎದ್ದಿತು. ಅಲ್ಲಿ ಮುಖ್ಯ ಬೋಧಕ ಆಲ್ಫ್ರೆಡ್ ಆಂಡರ್ಸನ್. ಈತನಿಗೆ ಮೊದಲು ಯಾರೂ ಕಲಿಸಲು ಒಪ್ಪದೆ, ಸಾಲಸೋಲ ಮಾಡಿ ತಾನೇ ವಿಮಾನ ಕೊಂಡು ಹಾರಲು ಕಲಿತವನು. ಕಪ್ಪು ಜನರಿಗೆ ಮಿದುಳಿಲ್ಲ, ವಿಮಾನ ಹಾರಿಸಲಾರರು ಎನ್ನುವ ಮಾತು ಅಮೆರಿಕದ ಸೈನ್ಯದಲ್ಲಿ ಚಾಲ್ತಿಯಲ್ಲಿತ್ತು. ಆ ಮಾತನ್ನು ಮುರಿದದ್ದು ಭಾಷಣವಲ್ಲ, ಬಲಗಡೆಯ ಕುರ್ಚಿ ಹಿಡಿದದ್ದು.

ಅಮೆರಿಕದಲ್ಲಿ ಇವತ್ತು ಬೋಧಕನಾಗಲು ಏನು ಬೇಕು? ಹದಿನೆಂಟು ತುಂಬಿರಬೇಕು, ಕಮರ್ಷಿಯಲ್ ಲೈಸನ್ಸು ಇರಬೇಕು, ಮೋಡದೊಳಗೆ ಉಪಕರಣ ನೋಡಿಯೇ ಹಾರುವ ಅರ್ಹತೆ ಇರಬೇಕು. ಅಲ್ಲಿ ಸಾಮಾನ್ಯವಾಗಿ 250 ತಾಸು ಹಾರಿದವನಿಗೆ ಆ ಲೈಸನ್ಸು ಸಿಗುತ್ತದೆ. ಕಂಪನಿಯ ದೊಡ್ಡ ವಿಮಾನಕ್ಕೆ 1500 ತಾಸು ಬೇಕು. ನಡುವಿನ ತಾಸುಗಳನ್ನು ಬಹಳ ಜನ ಕಲಿಸುತ್ತಲೇ ತುಂಬಿಸಿಕೊಳ್ಳುತ್ತಾರೆ. ಹೀಗಾಗಿ ಅಲ್ಲಿ ಬೋಧಕ ಎಂದರೆ ಗಡ್ಡದ ಗುರುವಲ್ಲ, ಇಪ್ಪತ್ತೆರಡು-ಇಪ್ಪತ್ತಮೂರರ ಹುಡುಗ, ಹುಡುಗಿ. ಹೊರಗಿನಿಂದ ಹೋದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕೊಡುವ ಎಂ-1 ವೀಸಾದಲ್ಲಿ ಓದುವಾಗ ದುಡಿಯುವಂತಿಲ್ಲ. ಮುಗಿದ ಮೇಲೆ ಹೆಚ್ಚೆಂದರೆ ಆರು ತಿಂಗಳ ಪ್ರಾಯೋಗಿಕ ತರಬೇತಿ. ಆಮೇಲೆ ವಾಪಸು ಬಂದು ಇಲ್ಲಿಯ ಪರೀಕ್ಷೆ ಕಟ್ಟಿ ಲೈಸನ್ಸನ್ನು ಭಾರತದ್ದಾಗಿ ಮಾಡಿಸಿಕೊಳ್ಳಬೇಕು. ಅಂದರೆ ಪಾತ್ರೆ ತೊಳೆದು ಓದುತ್ತೇನೆ ಎಂಬ ನಮ್ಮ ಹಳೆಯ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಬೋಧಕನಾಗುವವನಿಗೆ ಅಲ್ಲಿ ಕಲಿಸುವುದರ ಬಗ್ಗೆಯೇ ಬೇರೆ ಪರೀಕ್ಷೆ ಇದೆ. ಅದರಲ್ಲಿ ಇಂಜಿನ್ನಿನ ಮಾತಿಲ್ಲ, ರೆಕ್ಕೆಯ ಮಾತಿಲ್ಲ. ಮನುಷ್ಯ ಹೇಗೆ ಕಲಿಯುತ್ತಾನೆ, ಹೆದರಿದವನು ಹೇಗೆ ನಡೆದುಕೊಳ್ಳುತ್ತಾನೆ, ಅವಮಾನ ಆದವನ ತಲೆಗೆ ಪಾಠ ಯಾಕೆ ಹತ್ತುವುದಿಲ್ಲ, ಇವೇ ಪ್ರಶ್ನೆಗಳು. ಹಳ್ಳಿಯ ಮಾಸ್ತರುಗಳೇ, ಇದನ್ನು ಎರಡು ಸಲ ಓದಿರಿ. ನನ್ನ ಕ್ಲಾಸಿನಲ್ಲಿ ಹಿಂದಿನ ಸಾಲಿನವರಿಗೆ ಪ್ರಶ್ನೆಯನ್ನೇ ಕೇಳದ ಮಾಸ್ತರೊಬ್ಬರು ಇದ್ದರು. ಹಿಂದಿನ ಸಾಲು ಯಾವ ಕೇರಿಯದು ಎಂದು ಹೇಳಬೇಕೆ? ಆ ಪರೀಕ್ಷೆಗೆ ಅವರನ್ನು ಕೂಡಿಸಿದ್ದರೆ ಏನಾಗುತ್ತಿತ್ತೋ.

ಅಲ್ಲಿ ಇನ್ನೊಂದು ರೂಢಿ ಇದೆ. ಶಿಷ್ಯ ಮೊದಲ ಸಲ ಒಬ್ಬನೇ ಹಾರಿ ಇಳಿದಾಗ ಗುರು ಅವನ ಅಂಗಿಯ ಹಿಂದಿನ ಚುಂಗನ್ನು ಕತ್ತರಿಸುತ್ತಾನೆ. ಹಳೆಯ ವಿಮಾನಗಳಲ್ಲಿ ಶಿಷ್ಯ ಮುಂದೆ, ಗುರು ಹಿಂದೆ ಕೂಡುತ್ತಿದ್ದರಂತೆ. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳದ್ದಕ್ಕೆ ಗುರು ಶಿಷ್ಯನ ಅಂಗಿ ಜಗ್ಗುತ್ತಿದ್ದನಂತೆ. ಇನ್ನು ಜಗ್ಗುವ ಕಾರಣವಿಲ್ಲ, ನೀನು ಸ್ವತಂತ್ರ ಎಂದು ಅಂಗಿ ಕತ್ತರಿಸುವುದು. ನಮ್ಮ ಗುರುಪರಂಪರೆ ಕತ್ತರಿಸಿಕೊಂಡದ್ದು ಏನನ್ನು? ಹೆಬ್ಬೆರಳನ್ನು. ತಾನು ಕಲಿಸದೇ ಇದ್ದ ವಿದ್ಯೆಗೆ!

2025ರ ಜೂನ್ ತಿಂಗಳನ್ನು ನಾನು ಮರೆಯುವವನಲ್ಲ. ಆ ತಿಂಗಳು ಇಟಲಿಯ ಮಿಲಾನಿನಲ್ಲಿ ಪ್ರಾಡಾ ಎಂಬ ಕಂಪನಿಯ ಫ್ಯಾಶನ್ ಮೆರವಣಿಗೆಯಲ್ಲಿ ನಮ್ಮ ಕೊಲ್ಹಾಪುರಿಯಂಥದೇ ಚಪ್ಪಲಿ ನಡೆದುಹೋಯಿತು, ಕೊಲ್ಹಾಪುರದ, ಅಥಣಿಯ, ನಿಪ್ಪಾಣಿಯ ಹೆಸರಿಲ್ಲದೆ. 2019ರಿಂದ ಭೌಗೋಳಿಕ ಗುರುತಿನ ಹಕ್ಕು ಇರುವ ಚಪ್ಪಲಿ ಅದು. ಬೆಳಗಾವಿಯೂ ಆ ಹಕ್ಕಿನ ಜಿಲ್ಲೆಗಳಲ್ಲಿ ಒಂದು. ಗದ್ದಲ ಎದ್ದ ಮೇಲೆ ಕಂಪನಿ ಮಾತುಕತೆಗೆ ಬಂತು. ಇರಲಿ. ಚಪ್ಪಲಿ ವಿಮಾನ ಹತ್ತಿತು, ಹೊಲಿದವ ಅಥಣಿಯಲ್ಲೇ ಕುಂತ. ಅದೇ ಜೂನಿನಲ್ಲಿ ಬೆಂಗಳೂರಿನ ತರಬೇತಿ ಪೈಲಟ್ ಒಬ್ಬರು ಪೊಲೀಸರಿಗೆ ದೂರು ಕೊಟ್ಟರು. ನೀನು ವಿಮಾನ ಹಾರಿಸಲು ಲಾಯಕ್ಕಲ್ಲ, ಹೋಗಿ ಚಪ್ಪಲಿ ಹೊಲಿ ಎಂಬರ್ಥದ ಮಾತನ್ನು ವಿಮಾನ ಕಂಪನಿಯ ಮೇಲಿನವರು ತಮಗೆ ಆಡಿದರು ಎಂಬುದು ದೂರು. ಕಂಪನಿ ಅದನ್ನು ಪೂರ್ತಿ ಅಲ್ಲಗಳೆಯಿತು. ತೀರ್ಪು ಕೋರ್ಟು ಹೇಳಲಿ, ನಾನು ಹೇಳುವುದಿಲ್ಲ. ಆದರೆ ಆ ಸುದ್ದಿ ಓದಿ ಇಂಥ ಮಾತು ನಮ್ಮ ದೇಶದಲ್ಲಿ ಸಾಧ್ಯವೇ ಇಲ್ಲ ಎಂದು ಬೆಚ್ಚಿಬಿದ್ದ ಒಬ್ಬನಾದರೂ ನಿಮ್ಮ ಊರಿನಲ್ಲಿದ್ದನೆ?

2017ರ ಏಪ್ರಿಲಿನಲ್ಲಿ ಶಿಮ್ಲಾದಲ್ಲಿ ಉಡಾನ್ ಯೋಜನೆ ಸುರು ಮಾಡುವಾಗ ಪ್ರಧಾನಮಂತ್ರಿಗಳು ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಎಂದರು. ಒಳ್ಳೆಯ ಮಾತು. ಚಪ್ಪಲಿ ಹಾಕಿದವನು ಹಿಂದಿನ ಸೀಟಿಗಾಯಿತು. ಚಪ್ಪಲಿ ಹೊಲಿದವನ ಮಗಳು ಮುಂದೆ, ಬಲಗಡೆ, ಯಾವಾಗ ಕೂಡಬೇಕು? ಕಲಿಕೆಯ ಆ ಸೆಸ್ನಾ ವಿಮಾನಗಳ ಒಳಗೆ ಜಾಗ ಬಹಳ ಇಕ್ಕಟ್ಟು, ಭುಜಕ್ಕೆ ಭುಜ ತಾಗುತ್ತದೆ. ಹೊಟೇಲಿನಲ್ಲಿ ಬೇರೆ ಲೋಟ ಇಟ್ಟಂತೆ ಅಲ್ಲಿ ಬೇರೆ ಹಿಡಿಕೆ ಇಟ್ಟು ಕಲಿಯಲು ಬರುವುದಿಲ್ಲ. ಊರಗೌಡನ ಮಗ ಎಡಗಡೆ ಕೂತು, ನಮ್ಮ ಕೇರಿಯ ಹುಡುಗಿ ಬಲಗಡೆ ಕೂತು, ಮೂರು ಸಾವಿರ ಅಡಿ ಮೇಲೆ ಅವನ ಕೈ ನಡುಗಿದಾಗ "ಬಿಡು, ನಾ ಹಿಡಿತೀನಿ" ಎಂದು ಅವಳು ಅಂದರೆ, ಆ ಗಳಿಗೆಯಲ್ಲಿ ಅವನು ಯಾವ ಮಡಿ ಮಾಡುತ್ತಾನೆ ನೋಡಬೇಕು.

ಅದಕ್ಕೇ ನಾನು ಕೇಳುವುದು ಪೈಲಟ್‌ಗಳನ್ನಲ್ಲ, ಬೋಧಕರನ್ನು. ಪೈಲಟ್ ಒಬ್ಬನಾದರೆ ಒಂದು ಮನೆ ಬೆಂಗಳೂರಿಗೆ ಹೋಗುತ್ತದೆ, ಕೇರಿ ಇದ್ದಲ್ಲೇ ಇರುತ್ತದೆ. ಬೋಧಕನೊಬ್ಬ ತಿರುಗಿ ಬಂದರೆ ವರ್ಷಕ್ಕೆ ಹತ್ತು ಜನರನ್ನಾದರೂ ಹಾರಿಸುತ್ತಾನೆ. ಪ್ರಬುದ್ಧ ಯೋಜನೆಯಲ್ಲಿ ಪದವಿಯ ಜೊತೆಗೆ ಲೈಸನ್ಸು ಎಂಬ ಒಂದು ಶಬ್ದ ಸೇರಲಿ. ಬೋಧಕ ಅರ್ಹತೆಯವರೆಗಿನ ಪೂರ್ತಿ ವೆಚ್ಚವನ್ನು ಸರ್ಕಾರವೇ ಕೊಡಲಿ. ಪ್ರತಿಯಾಗಿ ಐದು ವರ್ಷ ಜಕ್ಕೂರಿನಲ್ಲೋ ಸಾಂಬ್ರಾದಲ್ಲೋ ಕಲಿಸುವ ಬಾಂಡ್ ಬರೆಸಿಕೊಳ್ಳಲಿ. ಸಾಂಬ್ರಾದ ನೆಲದಲ್ಲಿ ನಡೆಯುವ ಯಾವ ಶಾಲೆಯಾಗಲಿ, ಬಿಟ್ಟುಕೊಟ್ಟ ರಾಯಲ್ಟಿಗೆ ಬದಲಾಗಿ ನಮ್ಮ ಮಕ್ಕಳಿಗೆ ಸೀಟು ಕಾದಿಡಲಿ. ದುಡ್ಡೆಲ್ಲಿದೆ ಎಂದರೆ, 2013ರ ಕಾನೂನಿನಂತೆ ನಮ್ಮ ಜನಸಂಖ್ಯೆಗೆ ತಕ್ಕಂತೆ ತೆಗೆದಿಡುವ ಉಪಯೋಜನೆಯ ದುಡ್ಡಿದೆ. ಅದನ್ನು ಬೇರೆ ಬೇರೆ ಕಡೆಗೆ ತಿರುಗಿಸಲು ಎಲ್ಲ ಸರ್ಕಾರಗಳಿಗೂ ದಾರಿ ಗೊತ್ತು, ಇತ್ತ ಒಂದು ಸಲ ತಿರುಗಿಸಲಿ.

ಬಾಂಡ್ ಎಂದೆ. ಆ ಶಬ್ದಕ್ಕೆ ನಮ್ಮ ಚರಿತ್ರೆಯಲ್ಲಿ ಒಂದು ಗಾಯವಿದೆ. 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಹೋದದ್ದು ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ, ತಿರುಗಿ ಬಂದು ಹತ್ತು ವರ್ಷ ಸೇವೆ ಮಾಡುವ ಕರಾರಿನ ಮೇಲೆ. ಅವರು ಮಾತಿಗೆ ತಪ್ಪಲಿಲ್ಲ, 1917ರಲ್ಲಿ ಬಂದರು. ಬಡೋದೆಯಲ್ಲಿ ಇರಲು ಒಂದು ಖೋಲಿ ಸಿಗಲಿಲ್ಲ. ಪಾರ್ಸಿಗಳ ವಸತಿಯಿಂದ ಹೊರಗೆ ಹಾಕಿದರು. ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಎಸೆದರು. ಕರಾರು ಮುರಿದದ್ದು ಕಲಿತು ಬಂದವನಲ್ಲ, ಕರೆಸಿಕೊಂಡ ಊರು. ಅದೇ ಬಾಬಾಸಾಹೇಬರು 1925ರಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಹೀಗಾಗಿ ಬಾಂಡಿನ ಜೊತೆಗೆ ಇನ್ನೊಂದು ಬರೆಸಬೇಕು: ಕಲಿತು ಬಂದವನಿಗೆ ಬೆಳಗಾವಿಯಲ್ಲಿ ವಾಸಕ್ಕೆ ಸರ್ಕಾರಿ ಮನೆ. ಯಾಕೆಂದರೆ ಪರದೇಶದ ಲೈಸನ್ಸು ನೋಡಿದ ಮೇಲೂ ಮನೆಯ ಮಾಲೀಕ ಕೇಳುವ ಮೊದಲ ಪ್ರಶ್ನೆ ಏನೆಂದು ನಮಗೆ ಗೊತ್ತಿದೆ.

ಇದೆಲ್ಲ ಆಗುವ ಮೊದಲು ನಮ್ಮ ಮಗ್ಗಲಲ್ಲೇ ಒಂದು ಬಾಗಿಲು ಮುಚ್ಚಿದೆ. ಪೈಲಟ್ ಲೈಸನ್ಸಿಗೆ ಪಿಯುಸಿಯಲ್ಲಿ ಫಿಸಿಕ್ಸು, ಗಣಿತ ಬೇಕು ಎಂಬುದು ಬಹಳ ವರ್ಷಗಳಿಂದ ಬಂದ ನಿಯಮ. ಅದನ್ನು ಸಡಿಲಿಸುವ ಮಾತು 2025ರಲ್ಲಿ ಎದ್ದಿತು. ನಿಯಮ ಸಡಿಲಾದರೂ ವಿದ್ಯೆ ಸಡಿಲಾಗುವುದಿಲ್ಲ, ಗಾಳಿಯ ಲೆಕ್ಕ ಗಾಳಿಯ ಲೆಕ್ಕವೇ. ನಾನು ಓದಿದ ಕಾಲೇಜಿನಲ್ಲಿ ಎರಡು ವರ್ಷ ಫಿಸಿಕ್ಸಿಗೆ ಕಲಿಸುವವರೇ ಇರಲಿಲ್ಲ. ಸೈನ್ಸ್ ತಗೊಂಡ ನಮ್ಮ ಕೇರಿಯ ಮೂವರೂ ಆರ್ಟ್ಸಿಗೆ ಬಂದರು. ಇಂಗ್ಲಿಷಿನ ಮಾತಂತೂ ಕೇಳಬೇಡಿ. ಆಕಾಶದಲ್ಲಿ ರೇಡಿಯೋದಲ್ಲಿ ಇಂಗ್ಲಿಷು ಆಡಬೇಕು, ಅದಕ್ಕೆ ಪರೀಕ್ಷೆಯೂ ಉಂಟು. ಬೆಸ್ಸಿ ಫ್ರೆಂಚ್ ಕಲಿತದ್ದು ಫ್ರಾನ್ಸಿನ ಮೇಲಿನ ಪ್ರೀತಿಗಲ್ಲ. ಬೇಕಾದ ವಿದ್ಯೆ ಆ ಭಾಷೆಯೊಳಗೆ ಬೀಗ ಹಾಕಿಕೊಂಡು ಕೂತಿತ್ತು, ಕಲಿತಳು. ಕನ್ನಡದ ಅಭಿಮಾನದ ಹೆಸರಿನಲ್ಲಿ ನಮ್ಮ ಮಕ್ಕಳಿಗೆ ಮಾತ್ರ ಇಂಗ್ಲಿಷು ಬೇಡ ಎನ್ನುವವರು ಮೊದಲು ತಮ್ಮ ಮಕ್ಕಳ ಸಾಲಿಯ ಹೆಸರು ಹೇಳಲಿ.

ಮಾಸ್ತರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಒಂದು ಕೆಲಸ ಕೇಳುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಪಿಯುಸಿ ಸೈನ್ಸ್ ಓದುತ್ತಿರುವ ನಮ್ಮ ಕೇರಿಗಳ ಹುಡುಗ-ಹುಡುಗಿಯರು ಎಷ್ಟು, ಫಿಸಿಕ್ಸ್, ಗಣಿತ, ಇಂಗ್ಲಿಷಿಗೆ ಮಾಸ್ತರಿಲ್ಲದ ಸರ್ಕಾರಿ ಕಾಲೇಜು ಯಾವವು, ಊರೂರಿನದು ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿರಿ. ಬೆಳಗಾವಿಯ ಸಮಾಜ ಕಲ್ಯಾಣ ಇಲಾಖೆಗೆ ಕೊಡುವ ಮನವಿಯ ಜೊತೆ ಆ ಪಟ್ಟಿ ಹೋಗಬೇಕು. ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಮೊದಲು ಬರೆಯಿರಿ.